ದೇವರನ್ನು ಪಂಚಾಯ್ತಿಗೆ ಕರೆದವರು

ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಗಳಲ್ಲಿ ಜ್ವರ ಬಿಡದೆ ಕಾಡಿದರೆ, ಗಟ್ಟಿಮುಟ್ಟಾಗಿದ್ದ ಆಳು ಕಾರಣ ಕಾಣದೆ ಸೊರಗಿದರೆ ಹಳಬರ ನಡುವೆ ಮೊದಲು ಏಳುವ ಪ್ರಶ್ನೆ: ಯಾರು ಮುನಿದಿದ್ದಾರೆ? ಮುನಿದವರು ಹೋದ ವರ್ಷ ತೀರಿಕೊಂಡ ಅಜ್ಜಿಯಾಗಿರಬಹುದು, ಬೆಟ್ಟದ ಮೇಲಿನ ಅಮ್ಮನಾಗಿರಬಹುದು, ತಮ್ಮ ಪಾಲು ತಮಗೆ ಬರಲಿಲ್ಲವೆಂದು ಸಿಟ್ಟಾದ ಹಿರೀಕರೂ ಆಗಿರಬಹುದು. ಹೆಸರು ಗೊತ್ತಾಗುವವರೆಗೆ ಮದ್ದು ಅರೆದು ಪ್ರಯೋಜನವಿಲ್ಲ. ಹೆಸರು ಗೊತ್ತಾಗಬೇಕಾದರೆ ಅವರನ್ನು ಕರೆಸಬೇಕು. ಕರೆಸಲು ವಾದ್ಯ ಬೇಕು, ಹಾಡು ಬೇಕು, ಕುಣಿತ ಬೇಕು, ಮೈಯನ್ನು ಬಿಟ್ಟುಕೊಡಲು ಒಬ್ಬ ಮನುಷ್ಯ ಬೇಕು. ಅಷ್ಟಾದ ಮೇಲೆ ನಡೆಯುವುದು ಪೂಜೆಗಿಂತ ಹೆಚ್ಚಾಗಿ ಪಂಚಾಯ್ತಿ.

ಜೇನುಕುರುಬರ ಈ ರೂಢಿಯನ್ನು ‘ಮೂಢನಂಬಿಕೆ’ ಎಂದು ಒಂದೇ ಏಟಿಗೆ ತಳ್ಳಿಹಾಕುವವರೂ ‘ನಮ್ಮ ಪ್ರಾಚೀನ ಜ್ಞಾನ’ ಎಂದು ಹೆಗಲ ಮೇಲೆ ಹೊರುವವರೂ ಈ ಪಂಚಾಯ್ತಿಯ ಕಲಾಪವನ್ನು ಪೂರ್ತಿ ಕೇಳುವುದು ಕಡಿಮೆ. ಕೇಳಿದವರಲ್ಲಿ ಬಹಳ ಹಳಬ ಫ್ರಾನ್ಸಿಸ್ ಬುಕನನ್. ಈಸ್ಟ್ ಇಂಡಿಯಾ ಕಂಪನಿಯ ಈ ವೈದ್ಯ 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಮೈಸೂರು ಸೀಮೆಯ ದಕ್ಷಿಣವನ್ನು ಸುತ್ತುತ್ತ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳಿಗೆ ಬಂದ. ಯುದ್ಧದಿಂದ ಹಾಳುಬಿದ್ದ ಊರು, ಕಾಡು ನುಂಗುತ್ತಿದ್ದ ಹೊಲ, ಇವನ್ನೆಲ್ಲ ಲೆಕ್ಕ ಹಾಕುತ್ತಲೇ ಕಾಡುಕುರುಬರ ಬಗ್ಗೆಯೂ ಬರೆದುಕೊಂಡ. 1807ರಲ್ಲಿ ಅವನ ಪ್ರವಾಸದ ಸಂಪುಟಗಳು ಲಂಡನ್ನಿನಲ್ಲಿ ಅಚ್ಚಾದವು. ಅವನು ಕೇಳಿಕೊಂಡ ಪ್ರಕಾರ ಸತ್ತವರು ಹಾಡಿಯ ಮುದುಕರ ಕನಸಿನಲ್ಲಿ ಬಂದು ಬೆಟ್ಟದ ಚಿಕ್ಕಮ್ಮನಿಗೆ ಹಣ್ಣುಹಂಪಲು ಇಡಿ ಎನ್ನುತ್ತಾರೆ. ಇಡದಿದ್ದರೆ ಆಕೆ ಕಾಯಿಲೆ ತರುತ್ತಾಳೆ. ಇಟ್ಟರೆ ಸುಮ್ಮನಿರುತ್ತಾಳೆ, ಅಷ್ಟೆ. ಆಕೆಯಿಂದ ಬೇರೆ ಉಪಕಾರವೇನೂ ಇಲ್ಲ. ರಕ್ತದ ಬಲಿ ಆಕೆಗೆ ಬೇಡ. ನಂಜನಗೂಡಿನ ಹತ್ತಿರ ಆಕೆಯ ಗುಡಿಯಿದ್ದರೂ ಅಲ್ಲಿಯೇ ಇಡಬೇಕೆಂಬ ಕಟ್ಟಳೆಯಿಲ್ಲ. ಒಳ್ಳೆಯ ಮನುಷ್ಯ ಯಾರೆಂದರೆ ತನ್ನ ಕೆಲಸವನ್ನು ಸರಿಯಾಗಿ ಮಾಡಿ ಮನೆಯವರನ್ನು ಅಕ್ಕರೆಯಿಂದ ನೋಡಿಕೊಂಡವನು. ಅಂಥವನು ಸತ್ತ ಮೇಲೆ ಕಾಯುವ ದೇವರಾಗುತ್ತಾನೆ, ಕೆಟ್ಟವನು ಕಾಡುವ ದೇವರಾಗುತ್ತಾನೆ. ರೈತರು ತಮ್ಮ ದವಸವನ್ನು ಇವರ ಕೈಗೆ ನಂಬಿಕೊಡುತ್ತಾರೆ, ಉಪವಾಸ ಬಿದ್ದರೂ ಒಂದು ಕಾಳು ಮುಟ್ಟುವವರಲ್ಲ ಎಂದೂ ಬುಕನನ್ ದಾಖಲಿಸಿದ್ದಾನೆ.

ಬುಕನನ್ ಇದನ್ನೆಲ್ಲ ಧರ್ಮದ ಲೆಕ್ಕಕ್ಕೆ ಹಾಕಿಕೊಂಡ. ವೈದ್ಯನಾಗಿದ್ದೂ ತಾನು ಬರೆದುಕೊಳ್ಳುತ್ತಿರುವುದು ರೋಗದ ಬಗೆಗಿನ ಒಂದು ತಿಳಿವಳಿಕೆ ಎಂದು ಅವನಿಗೆ ಹೊಳೆದಂತೆ ಕಾಣುವುದಿಲ್ಲ. ಇಲ್ಲಿ ಕಾಯಿಲೆ ಎಂದರೆ ಒಬ್ಬನ ಮೈಯೊಳಗಿನ ಕೆಡುಕಷ್ಟೇ ಆಗದೆ ಬದುಕಿರುವವರು, ಸತ್ತವರು, ಬೆಟ್ಟ ಈ ಮೂವರ ನಡುವೆ ಎಲ್ಲೋ ಪಾಲು ತಪ್ಪಿದ್ದರ ಗುರುತು.

ಈ ಪಾಲಿನ ವಿಷಯವನ್ನು ಚೆನ್ನಾಗಿ ಬಿಡಿಸಿ ನೋಡಿದವರು ಇಬ್ಬರು ಪರದೇಶಿ ಮಾನವಶಾಸ್ತ್ರಜ್ಞರು. ಇಬ್ಬರೂ ಕೆಲಸ ಮಾಡಿದ್ದು ನಮ್ಮ ಗಡಿಯ ಆಚೆ, ನೀಲಗಿರಿಯಲ್ಲಿ. ನಾಗರಹೊಳೆಯ ಕಾಡು ಬಂಡೀಪುರಕ್ಕೆ, ಬಂಡೀಪುರ ಮುದುಮಲೆಗೆ, ಅದು ಗೂಡಲೂರಿಗೆ, ಇತ್ತ ವಯನಾಡಿಗೆ ಒಂದೇ ಹಾಸಾಗಿ ಹಬ್ಬಿದೆ. ನಾವು ಜೇನುಕುರುಬರೆನ್ನುವವರ ನೆಂಟರನ್ನೇ ಅಲ್ಲಿ ಜೇನು ಕುರುಂಬ, ಕಾಟ್ಟುನಾಯ್ಕ ಎಂದು ಕರೆಯುತ್ತಾರೆ. ಮಾತೂ ಕನ್ನಡಕ್ಕೆ ಹತ್ತಿರದ್ದೇ.

ನುರಿತ್ ಬರ್ಡ್-ಡೇವಿಡ್ 1978-79ರಲ್ಲಿ ಗೂಡಲೂರು ಕಡೆಯ ನಾಯ್ಕರ ಜೊತೆ ಇದ್ದರು. 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಮಾನವಶಾಸ್ತ್ರದ ವಿದ್ಯಾರ್ಥಿಗಳು ಇವತ್ತಿಗೂ ಓದುವಂಥದ್ದು. ನಾಯ್ಕರು ವರ್ಷಕ್ಕೊಮ್ಮೆ ಹಗಲುರಾತ್ರಿ ನಡೆಸುವ ಪಂದಲಿನ ಕೂಟ ಅದರ ನಡುವಿನ ವಿಷಯ. ಕುಣಿಯುತ್ತ ಕುಣಿಯುತ್ತ ಕೆಲವರ ಮೇಲೆ ದೇವರು ಬರುತ್ತವೆ. ಬೆಟ್ಟದ ದೇವರು, ಆನೆಯ ದೇವರು, ತೀರಿಕೊಂಡ ಹಿರಿಯರು, ಒಂದೊಂದಕ್ಕೂ ಬೇರೆ ದನಿ, ಬೇರೆ ನಡಿಗೆ. ಬಂದವರು ಆಶೀರ್ವಾದ ಮಾಡಿ ಹೊರಟುಹೋಗುವುದಿಲ್ಲ, ಕೂತು ಹರಟುತ್ತಾರೆ. ನೀವು ನಮ್ಮನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ದೇವರು ದೂರಿದರೆ, ನೀವು ನಮ್ಮ ಆರೋಗ್ಯ ಕಾಯುತ್ತಿದ್ದೀರಾ ಹೇಳಿ ಎಂದು ಜನ ತಿರುಗಿ ಕೇಳುತ್ತಾರೆ. ಹೆಂಗಸರು, ಹುಡುಗರು, ಮುದುಕರು ಎಲ್ಲರೂ ಮಾತಿಗೆ ಸೇರುತ್ತಾರೆ. ತಮಾಷೆಯಿದೆ, ಚೌಕಾಸಿಯಿದೆ, ಹಳೆಯ ತಕರಾರಿನ ಕೆದಕಾಟವಿದೆ.

ಜರ್ಮನಿಯ ಉಲ್ರಿಚ್ ಡೆಮ್ಮರ್ ಜೇನು ಕುರುಂಬರ ರೋಗ ಬಿಡಿಸುವ ಕೂಟ ಮತ್ತು ಸಾವಿನ ಕ್ರಿಯೆಗಳಲ್ಲಿ ಆಡುವ ಮಾತುಗಳನ್ನು ಸಾಲು ಸಾಲಾಗಿ ದಾಖಲಿಸಿದರು. ಅವರ ಗಮನವೆಲ್ಲ ವಾದದ ಕಡೆಗೆ. ಮೈದುಂಬಿದವನ ಬಾಯಲ್ಲಿ ಮಾತನಾಡುವ ಹಿರಿಯರು ನೆಂಟರ ಮೇಲೆ ಆಪಾದನೆ ಹೊರಿಸುತ್ತಾರೆ: ಒಟ್ಟಿಗೆ ಉಣ್ಣಲಿಲ್ಲ, ಹಂಚಲಿಲ್ಲ, ದೂರ ಹೋದಿರಿ. ನೆಂಟರು ಸಮಜಾಯಿಷಿ ಕೊಡುತ್ತಾರೆ, ಒಪ್ಪಿಸುತ್ತಾರೆ, ಕೆಲವನ್ನು ನಿರಾಕರಿಸುತ್ತಾರೆ. ಒಮ್ಮತಕ್ಕೆ ಬರುವವರೆಗೂ ಕೂಟ ಮುಗಿಯುವುದಿಲ್ಲ. ಹಾಡಿಯಲ್ಲಿ ತಿಂಗಳುಗಟ್ಟಲೆ ಒಳಗೊಳಗೇ ಕುದಿಯುತ್ತಿದ್ದ ಅಣ್ಣತಮ್ಮಂದಿರ ಜಗಳ ಸತ್ತ ಅಪ್ಪನ ಬಾಯಿಂದ ಹೊರಬಿದ್ದರೆ ಅದನ್ನು ಇನ್ನು ಮುಚ್ಚಿಡುವಂತಿಲ್ಲ. ರೋಗಿಗೆ ಅಲ್ಲೇ ಅರ್ಧ ಹಗುರವಾದೀತು ಎಂಬುದು ನನ್ನ ಊಹೆ.

ಬಯಲಿನವರಿಗೆ ದೇವರು ಬರುವುದು ಹೊಸದೇನಲ್ಲ. ಕೆ.ಆರ್. ನಗರದ ಗದ್ದೆಬಯಲಿನ ಊರುಗಳಲ್ಲಿ ಮಾರಿಹಬ್ಬಕ್ಕೆ, ಕೊಂಡಕ್ಕೆ ಮೈಮೇಲೆ ಅಮ್ಮ ಬರುತ್ತಾಳೆ. ಜನ ಕಣಿ ಕೇಳುತ್ತಾರೆ. ಆದರೆ ಅಲ್ಲಿಯ ಧಾಟಿಯೇ ಬೇರೆ. ‘ತಪ್ಪಾಯ್ತು ತಾಯಿ, ಹೊಟ್ಟೆಗೆ ಹಾಕ್ಕೋ’ ಎಂದು ಅಡ್ಡಬೀಳುವುದೇ ಅಲ್ಲಿ ಮುಖ್ಯ. ಅಮ್ಮ ಹೇಳಿದ್ದಕ್ಕೆ ಎದುರುತ್ತರ ಕೊಟ್ಟವನನ್ನು ಊರು ಸುಮ್ಮನೆ ಬಿಡದು. ಕಾಡಿನಲ್ಲಿ ದೇವರೂ ಒಬ್ಬ ನೆಂಟ. ನೆಂಟನ ಮೇಲೆ ಪ್ರೀತಿಯಿರುತ್ತದೆ, ಸಲಿಗೆಯಿರುತ್ತದೆ, ಬೈಯಲೂ ಬಹುದು.

ಬೈಯುವುದಕ್ಕೆ ಒಂದು ಹಬ್ಬವೇ ಇದೆಯಲ್ಲ! ಪಿರಿಯಾಪಟ್ಟಣ, ಹುಣಸೂರಿನ ಗಡಿ ದಾಟಿದರೆ ಕೊಡಗಿನ ಗೋಣಿಕೊಪ್ಪದ ಹತ್ತಿರ ದೇವರಪುರ. ಮೇ ತಿಂಗಳ ಕೊನೆಯ ಹೊತ್ತಿಗೆ ಅಲ್ಲಿ ಕುಂಡೆ ಹಬ್ಬ, ಬೇಡು ಹಬ್ಬವೆಂದೂ ಹೆಸರು. ಜೇನುಕುರುಬರು, ಬೆಟ್ಟಕುರುಬರು, ಯರವರು ಗುಂಪುಗುಂಪಾಗಿ ಬರುತ್ತಾರೆ. ಗಂಡಸರು ಸೀರೆ, ನೈಟಿ, ರವಿಕೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಸೋರೆಬುರುಡೆಯನ್ನೋ ಪ್ಲಾಸ್ಟಿಕ್ ಡಬ್ಬವನ್ನೋ ಬಡಿಯುತ್ತ ಕುಣಿಯುತ್ತಾರೆ. ದಾರಿಹೋಕರನ್ನು ಅಡ್ಡಗಟ್ಟಿ ಕಾಸು ಬೇಡುತ್ತಾರೆ. ಬಾಯಿಗೆ ಬಂದಂತೆ ದೇವರನ್ನು ಬೈಯುತ್ತಾರೆ. ಬೈಗುಳದ ಹಿಂದೊಂದು ಕಥೆಯಿದೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ ಭದ್ರಕಾಳಿಯ ಮೋಹಕ್ಕೆ ಬಿದ್ದು ಇವರನ್ನು ನಡುಕಾಡಿನಲ್ಲೇ ಬಿಟ್ಟುಹೋದನಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಕೊನೆಗೆ ಗುಡಿಯ ಮುಂದೆ ತಪ್ಪುಕಾಣಿಕೆ ಹಾಕಿ ರಾಜಿಯಾಗುತ್ತಾರೆ. ಟೀವಿ ಕ್ಯಾಮೆರಾಗಳಿಗೆ ವರ್ಷವೂ ಸಿಗುವುದು ಸೀರೆ ಮತ್ತು ಬೈಗುಳ. ಕೈಬಿಟ್ಟುಹೋದ ದೇವರಿಂದ ಲೆಕ್ಕ ಕೇಳುವುದು ಈ ಜನಕ್ಕೆ ಹಬ್ಬದ ಒಂದು ದಿನದ ಹುಡುಗಾಟವಲ್ಲ ಎಂಬುದು ರೋಗ ಬಿಡಿಸುವ ಕೂಟವನ್ನು ತಿಳಿದರೆ ಗೊತ್ತಾಗುತ್ತದೆ.

ಹೆಗ್ಗಡದೇವನಕೋಟೆಯ ಡಿ.ಬಿ. ಕುಪ್ಪೆಯಲ್ಲಿ ನಿಂತರೆ ಕಬಿನಿಯ ಆಚೆ ದಡ ವಯನಾಡು. ಆ ದಡದ ಅಡಿಯರು, ಕೊಡಗಿನಲ್ಲಿ ಪಂಜಿರಿ ಯರವರೆನಿಸಿಕೊಳ್ಳುವವರ ಬಳಗ, ರೋಗ ಕಳೆಯಲು ಮಾಡುವ ಕುಣಿತ ಗದ್ದಿಕ. ತುಡಿ ಬಡಿತ, ಹೆಣ್ಣುವೇಷ, ದೇವರುಗಳನ್ನು ಒಬ್ಬೊಬ್ಬರನ್ನಾಗಿ ಕರೆಯುವ ಹಾಡು. ಒಬ್ಬ ರೋಗಿಗಾಗಿಯೂ ಮಾಡುತ್ತಾರೆ, ಇಡೀ ನಾಡಿಗೆ ತಟ್ಟಿದ ಪಿಡುಗು ಕಳೆಯಲೂ ಮನೆಮನೆಗೆ ಹೋಗಿ ಮಾಡುತ್ತಾರೆ. ಪಿ.ಕೆ. ಕಾಳನ್ ಎಂಬ ಅಡಿಯ ಮುಂದಾಳು ಗದ್ದಿಕವನ್ನು ಕೇರಳದ ವೇದಿಕೆಗಳಿಗೆ ತಂದು, ಅಲ್ಲಿನ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆದರು. ಕೆ.ಜೆ. ಬೇಬಿ ಅದೇ ರೂಪವನ್ನು ಎತ್ತಿಕೊಂಡು ‘ನಾಡುಗದ್ದಿಕ’ ನಾಟಕ ಕಟ್ಟಿ, ಜೀತದ ರೋಗವನ್ನು ಬಿಡಿಸಲು ಹೊರಟರು. ನಮ್ಮಲ್ಲಿ ಮಾಸ್ತಿಯವರ ‘ಕಾಕನಕೋಟೆ’ಯಿಂದ ಕಾಡುಕುರುಬರು ರಂಗದ ಮೇಲೆ ಬಂದರು, 1977ರಲ್ಲಿ ಅದು ಸಿನಿಮಾವೂ ಆಯಿತು. ಆದರೆ ಹಾಡಿಯ ಒಬ್ಬ ಕುಣಿತಗಾರನನ್ನು ಕಾಳನ್‌ರಂತೆ ಅಕಾಡೆಮಿಯ ಕುರ್ಚಿಯಲ್ಲಿ ಕೂರಿಸುವ ಮನಸ್ಸು ನಮಗೆ ಬರಬೇಕಿದೆ.

ಇಷ್ಟು ಹೇಳಿದ ಮೇಲೆ ಕಲಹರಿಯ ಮಾತು ಎತ್ತದೆ ಇರಲಾಗದು. ಬೋಟ್ಸ್ವಾನಾ, ನಮೀಬಿಯಾಗಳ ಮರಳುಸೀಮೆಯಲ್ಲಿರುವ ಸಾನ್ ಜನರ ರಾತ್ರಿಯ ಕುಣಿತ ಜಗತ್ತಿನಲ್ಲಿ ಬಹಳ ಅಧ್ಯಯನವಾಗಿರುವ ರೋಗಹರ ಕುಣಿತ. ಲೋರ್ನಾ ಮಾರ್ಷಲ್ ಕುಟುಂಬ 1951ರಿಂದ ಅವರ ನಡುವೆ ಓಡಾಡಿತು. ಮಗ ಜಾನ್ ಮಾರ್ಷಲ್ ಕುಣಿತವನ್ನು ಚಿತ್ರೀಕರಿಸಿದ. ಮನಶ್ಶಾಸ್ತ್ರಜ್ಞ ರಿಚರ್ಡ್ ಕಾಟ್ಜ್ 1982ರಲ್ಲಿ ಅದರ ಮೇಲೆ ಇಡೀ ಪುಸ್ತಕ ಬರೆದರು. ಬೆಂಕಿಯ ಸುತ್ತ ಹೆಂಗಸರು ಒತ್ತಾಗಿ ಕೂತು ಚಪ್ಪಾಳೆ ತಟ್ಟುತ್ತ ಹಾಡುತ್ತಾರೆ. ಮೊಣಕಾಲ ಕೆಳಗೆ ಒಣಗಿದ ಹುಳುಗೂಡಿನ ಗೆಜ್ಜೆ ಸುತ್ತಿಕೊಂಡ ಗಂಡಸರು ಅವರ ಸುತ್ತ ತುಳಿಯುತ್ತ ಸಾಗುತ್ತಾರೆ. ಗಂಟೆಗಟ್ಟಲೆ ಕುಣಿದ ಮೇಲೆ ಕೆಲವರ ಬೆನ್ನುಹುರಿಯಲ್ಲಿ ಶಕ್ತಿ ಕಾದು ಮೇಲೇರುತ್ತದೆ. ಅವರು ನಡುಗುತ್ತ, ಬೆವರುತ್ತ ಒಬ್ಬೊಬ್ಬರ ಮೈಮೇಲೆ ಕೈಯಿಟ್ಟು ರೋಗವನ್ನು ಎಳೆದು ತೆಗೆದು ಕೂಗಿ ಎಸೆಯುತ್ತಾರೆ. ಕಾಯಿಲೆ ಇದ್ದವರನ್ನು, ಇಲ್ಲದವರನ್ನು, ಬಂದ ಅತಿಥಿಯನ್ನು, ಎಲ್ಲರನ್ನೂ ಮುಟ್ಟುತ್ತಾರೆ. ದಕ್ಷಿಣೆಯ ಮಾತೇ ಇಲ್ಲ. ಅರ್ಧಕ್ಕರ್ಧ ಗಂಡಸರು ಒಂದಲ್ಲ ಒಂದು ವಯಸ್ಸಿನಲ್ಲಿ ಈ ವಿದ್ಯೆ ಪಡೆದವರೇ ಆದ್ದರಿಂದ ಗುರು ಎಂದು ಯಾರೂ ಪ್ರತ್ಯೇಕವಾಗಿ ಮೇಲೆ ಕೂರುವುದಿಲ್ಲ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿವರ. ಬೆಂಕಿಯ ಬೆಳಕಿನಾಚೆ, ಕತ್ತಲಲ್ಲಿ ಸತ್ತವರು ಬಂದು ನಿಂತಿರುತ್ತಾರೆಂದು ಸಾನ್ ಜನರ ನಂಬಿಕೆ. ಒಂಟಿತನ ತಾಳಲಾರದೆ ತಮಗೆ ಬೇಕಾದವರನ್ನು ಕರೆದೊಯ್ಯಲು ಅವರು ಬರುತ್ತಾರೆ, ಅದೇ ಕಾಯಿಲೆ. ಮೈದುಂಬಿದ ವೈದ್ಯ ಆ ಕತ್ತಲಿನ ಕಡೆ ತಿರುಗಿ ಬೈಯುತ್ತಾನೆ. ಕೊಳ್ಳಿ ಬೀಸುತ್ತಾನೆ. ಇವನನ್ನು ಬಿಡಿ, ಇವನು ಇನ್ನೂ ನಮ್ಮವನು ಎಂದು ಹಟ ಹಿಡಿಯುತ್ತಾನೆ, ಬೇಡಿಕೊಳ್ಳುತ್ತಾನೆ. ಹೆಗ್ಗಡದೇವನಕೋಟೆಗೂ ಕಲಹರಿಗೂ ಸಾವಿರಾರು ಮೈಲಿ ಸಮುದ್ರ ಅಡ್ಡವಿದೆ, ಕೊಟ್ಟುತಂದ ನೆಂಟಸ್ತನವಿಲ್ಲ. ಆದರೂ ಎರಡೂ ಕಡೆ ವೈದ್ಯನ ಕೆಲಸ ವಕೀಲನದು. ಬೇಟೆ, ಗೆಡ್ಡೆ, ಜೇನು ಎಲ್ಲವನ್ನೂ ಆ ದಿನವೇ ಹಂಚಿ ತಿನ್ನುವ, ಕೂಡಿಡುವ ಕಣಜವಿಲ್ಲದ ಜನರಲ್ಲಿ ಸತ್ತವನ ಪಾಲಿನ ಪ್ರಶ್ನೆಯೂ ಜಗಳವಾಗಿಯೇ ಏಳುತ್ತದೆ ಎಂದುಕೊಂಡರೆ ಈ ಹೋಲಿಕೆ ಅಷ್ಟೇನೂ ಆಶ್ಚರ್ಯವಲ್ಲ.

ಕುಣಿತದಿಂದ ರೋಗ ವಾಸಿಯಾಗುತ್ತದೆಯೇ ಎಂದು ಓದುಗರು ಕೇಳುವುದು ನ್ಯಾಯವೇ. ಎಲ್ಲ ರೋಗವೂ ಆಗುವುದಿಲ್ಲ. ಕುಡುಗೋಲು ಕಣ ರೋಗ, ಆಸ್ಪತ್ರೆಯ ಮಾತಿನಲ್ಲಿ ಸಿಕಲ್ ಸೆಲ್, ಇದಕ್ಕೆ ಕಣ್ಣಿಗೆ ರಾಚುವ ಉದಾಹರಣೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದೇ ನೀಲಗಿರಿ ಸೀಮೆಯ ಆದಿವಾಸಿಗಳಲ್ಲಿ, 1952ರಲ್ಲಿ, ಲೇಹ್‌ಮನ್ ಮತ್ತು ಕಟ್‌ಬುಶ್ ನಡೆಸಿದ ರಕ್ತಪರೀಕ್ಷೆಯಿಂದ. ತಂದೆತಾಯಿ ಇಬ್ಬರಿಂದಲೂ ಬಂದ ಒಂದು ವಂಶವಾಹಿ ಮಾರ್ಪಾಟಿನಿಂದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆಮೂಳೆಯಲ್ಲಿ ತಡೆಯಲಾಗದ ನೋವು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹೊರಗೆ ಗಾಯವಿಲ್ಲ, ಊತವೂ ಕಾಣದಿರಬಹುದು. ಇಂಥ ನೋವನ್ನು ಯಾರದೋ ಮುನಿಸೆಂದು ಬಗೆಯುವುದಕ್ಕಿಂತ ಸಹಜವಾದದ್ದು ಬೇರೆ ಏನಿದ್ದೀತು? ಅಪ್ಪನ ಕಡೆಯಿಂದ ಬಂದ ಕಾಟ, ಅಮ್ಮನ ಕಡೆಯಿಂದ ಬಂದ ಕಾಟ ಎಂದು ಹಿರಿಯರು ಹೇಳಿದ್ದರೆ ಅದೂ ಪೂರಾ ಸುಳ್ಳಲ್ಲ! ಆದರೆ ನೋವಿನ ದಾಳಿಗಳನ್ನು ಕಡಿಮೆ ಮಾಡುವುದು ಹೈಡ್ರಾಕ್ಸಿಯೂರಿಯಾ ಮಾತ್ರೆ, ಉಳಿಸುವುದು ಹೊತ್ತಿಗೆ ಸರಿಯಾಗಿ ಸಿಕ್ಕ ನೀರು, ರಕ್ತ, ಆಸ್ಪತ್ರೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ರಾಷ್ಟ್ರೀಯ ಅಭಿಯಾನ ಹೂಡಿತು, 2047ರೊಳಗೆ ಕೊನೆಗಾಣಿಸುವ ಗುರಿಯಿಟ್ಟು. ಎಚ್.ಡಿ. ಕೋಟೆಯಲ್ಲಿ ಅದಕ್ಕೂ ಬಹಳ ಮೊದಲೇ, 1980ರ ದಶಕದಲ್ಲಿ, ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಾಡಿಗಳಿಗೆ ವೈದ್ಯ ತಂದಿತ್ತು. ಕೆಂಚನಹಳ್ಳಿ, ಸರಗೂರಿನ ಆಸ್ಪತ್ರೆಗಳು ಅದರ ಫಲ.

ಮಂತ್ರ ಹಾಕಿ, ದಾರ ಕಟ್ಟಿ, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಹೋಗದಂತೆ ತಡೆಯುವುದು ಕರ್ನಾಟಕದ 2017ರ ಮೌಢ್ಯಾಚರಣೆ ಪ್ರತಿಬಂಧಕ ಕಾಯ್ದೆಯಲ್ಲಿ ಅಪರಾಧ. 2020ರ ಜನವರಿಯಿಂದ ಜಾರಿಯಲ್ಲಿರುವ ಈ ಕಾಯ್ದೆಯ ಬಗ್ಗೆ ನನ್ನ ತಕರಾರಿಲ್ಲ. ಹಾಡಿಯ ಕುಣಿತ ಯಾರನ್ನೂ ತಡೆದು ಕೂರಿಸುವಂಥದ್ದಾಗಿ ನನಗೆ ಕಂಡಿಲ್ಲ. ಮಾತ್ರೆ ನುಂಗಿ ಬಂದವರೂ ಅಲ್ಲಿ ಕೂರಬಹುದು. ಮಾತ್ರೆ ನೋವಿಗೆ, ಕೂಟ ಮುನಿಸಿಗೆ.

ಆ ಕೂಟಕ್ಕೇ ಈಗ ತೊಡಕಾಗಿರುವುದು. ಕುಣಿತದ ಹೆಜ್ಜೆ ಮರೆತಿಲ್ಲ. ಗಿರಿಜನ ಉತ್ಸವದ ವೇದಿಕೆಯಲ್ಲಿ, ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಡುವಾಗ, ಹಾಡಿಯ ಹುಡುಗರು ಸೊಪ್ಪಿನ ಉಡುಗೆ ತೊಟ್ಟು ಕುಣಿಯುವುದನ್ನು ನಾವೆಲ್ಲ ನೋಡಿದ್ದೇವೆ. ಹತ್ತು ನಿಮಿಷ, ಮೈಕು, ಮಂತ್ರಿಗಳ ಚಪ್ಪಾಳೆ. ಆ ಸೊಪ್ಪು ಯಾರ ಕಲ್ಪನೆಯೋ! ಪಂಚಾಯ್ತಿಗೆ ಎರಡೂ ಕಡೆಯವರು ಬೇಕು. ಒಂದು ಕಡೆಯವರು ಬೆಟ್ಟ, ಹಳ್ಳ, ಮರ, ಹುತ್ತ, ಹಿರಿಯರನ್ನು ಹೂತ ಜಾಗ. ಅವು ನಾಗರಹೊಳೆಯ ಒಳಗಿವೆ. ಇನ್ನೊಂದು ಕಡೆಯವರನ್ನು ಹೊರಗೆ ತಂದದ್ದು ಹಲವು ಕಂತುಗಳಲ್ಲಿ. 1955ರಲ್ಲಿ ಅಭಯಾರಣ್ಯ, 1972ರ ವನ್ಯಜೀವಿ ಕಾಯ್ದೆ, 1974ರ ಕಬಿನಿ ಅಣೆಕಟ್ಟಿನ ಮುಳುಗಡೆ, 1988ರ ರಾಷ್ಟ್ರೀಯ ಉದ್ಯಾನ, ವಿಶ್ವಬ್ಯಾಂಕ್ ಹಣದ ಪರಿಸರ ಅಭಿವೃದ್ಧಿ ಯೋಜನೆ, 1999ರ ಹುಲಿ ಯೋಜನೆ. ಹುಣಸೂರು ತಾಲ್ಲೂಕಿನ ನಾಗಾಪುರ ಪುನರ್ವಸತಿ ಕೇಂದ್ರ ಹುಟ್ಟಿದ್ದು ಹೀಗೆ. ಹೈಕೋರ್ಟಿನ ಸೂಚನೆಯಂತೆ ಅಧ್ಯಯನ ಮಾಡಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳ ಲೆಕ್ಕವಿದೆ. 2011ರ ಜನಗಣತಿಯಲ್ಲಿ ರಾಜ್ಯದ ಜೇನುಕುರುಬರು ಒಟ್ಟು 36,076 ಜನ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಇದೇ ಸೀಮೆಯಲ್ಲಿ ನೆಲೆ ಕಳೆದುಕೊಂಡ ಇನ್ನೊಂದು ಜನವೂ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಟಿಬೆಟನ್ನರು 1960ರ ಸುಮಾರಿಗೆ ಬಂದರು, ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲವನ್ನು ಕಡಿದು ಜೋಳ ಬಿತ್ತಿದರು. 1963ರಲ್ಲಿ ನಮ್‌ಡ್ರೋಲಿಂಗ್ ಮಠ ಎದ್ದಿತು. ಹುಣಸೂರಿನ ಗುರುಪುರದಲ್ಲಿ 1972ರಲ್ಲಿ ಮತ್ತೊಂದು ನೆಲೆಯಾಯಿತು. ಅವರಲ್ಲೂ ಕೆಡುಕು ಕಳೆಯುವ ಕುಣಿತವಿದೆ. ಲೋಸರ್ ಹಬ್ಬಕ್ಕೆ ಮುಂಚೆ, ಹಳೆಯ ವರ್ಷದ ಪಿಡುಗನ್ನು ಅಟ್ಟಲು, ಭಿಕ್ಷುಗಳು ಭಾರೀ ಮುಖವಾಡ ತೊಟ್ಟು ನಿಧಾನವಾಗಿ ಸುತ್ತುವ ಛಾಮ್ ಕುಣಿತ ಅದು. ನೂರಾರು ವರ್ಷದ ವಿಧಿಯನ್ನು ಹಿಮಾಲಯ ದಾಟಿಸಿ ತಂದು ಕಾವೇರಿ ಬಯಲಿನಲ್ಲಿ ಮತ್ತೆ ನಿಲ್ಲಿಸಿದರಲ್ಲ, ಅದು ಸಣ್ಣ ಸಾಧನೆಯಲ್ಲ. ಆದರೆ ಅವರ ದೇವರು ಗ್ರಂಥದಲ್ಲಿ, ಪಟದಲ್ಲಿ, ಮುಖವಾಡದಲ್ಲಿ ಹೊತ್ತು ತರಲು ಬರುವಂಥವರು. ಬೈಲುಕುಪ್ಪೆಯಿಂದ ಒಂದು ಗಂಟೆಯ ದಾರಿಯ ಜೇನುಕುರುಬ ತನ್ನ ದೇವರನ್ನು ನಾಗಾಪುರಕ್ಕೆ ಹೇಗೆ ಹೊರಲಿ? ಪುನರ್ವಸತಿಯ ಪಟ್ಟಿಯಲ್ಲಿ ಮನೆ, ಜಮೀನು, ಕೊಳವೆಬಾವಿ, ಶಾಲೆಗೆ ಜಾಗವಿದೆ, ಮುನಿಸಿಕೊಳ್ಳುವ ಬೆಟ್ಟಕ್ಕಿಲ್ಲ.

ನೆಲೆ ಕಳೆದುಕೊಂಡವರಲ್ಲಿ ಕಲಹರಿಯವರೂ ಇದ್ದಾರೆ. 2006ರ ಡಿಸೆಂಬರ್ 13ರಂದು ಬೋಟ್ಸ್ವಾನಾದ ಹೈಕೋರ್ಟ್ ಕಲಹರಿಯ ವನ್ಯಧಾಮದಿಂದ ಸಾನ್ ಜನರನ್ನು ಹೊರಹಾಕಿದ್ದು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಎರಡು ದಿನ ಬಿಟ್ಟು, ಡಿಸೆಂಬರ್ 15ರಂದು, ನಮ್ಮ ಲೋಕಸಭೆ ಅರಣ್ಯ ಹಕ್ಕು ಮಸೂದೆಗೆ ಒಪ್ಪಿಗೆ ಕೊಟ್ಟಿತು, 18ರಂದು ರಾಜ್ಯಸಭೆ. ಒಂದೇ ವಾರ! ತೀರ್ಪು ಬಂದರೂ ಸಾನ್ ಜನರಿಗೆ ಹಳೆಯ ಕೊಳವೆಬಾವಿಯ ನೀರು ಬಳಸಲು 2011ರಲ್ಲಿ ಮೇಲಿನ ಕೋರ್ಟು ಮತ್ತೆ ಹೇಳಬೇಕಾಯಿತು. ಇಲ್ಲಿ 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿಗೆ ನಡೆದುಹೋಗಿ ಗುಡಿಸಲು ಕಟ್ಟಿದವು. ನಮ್ಮ ದೇವರು, ಹಿರಿಯರು ಇಲ್ಲಿದ್ದಾರೆ ಎಂಬುದು ಅವರು ಮುಂದಿಟ್ಟ ಕಾರಣಗಳಲ್ಲೊಂದು. ಅರಣ್ಯ ಇಲಾಖೆ ಒಪ್ಪಲಿಲ್ಲ.

ಕಾನೂನಿಗೆ ಈ ಕಾರಣ ಅಪರಿಚಿತವೇನಲ್ಲ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಡಿಶಾದ ನಿಯಮಗಿರಿ ಗಣಿ ಪ್ರಕರಣದಲ್ಲಿ, ಬೆಟ್ಟದ ದೇವರ ಮೇಲಿನ ಡೋಂಗ್ರಿಯಾ ಕೊಂಧರ ಹಕ್ಕನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಹನ್ನೆರಡು ಗ್ರಾಮಸಭೆಗಳೂ ಗಣಿ ಬೇಡ ಎಂದವು. ಅರಣ್ಯ ಹಕ್ಕು ಕಾಯ್ದೆಯ 13ನೆಯ ನಿಯಮ ಇನ್ನೂ ಸ್ಪಷ್ಟವಾಗಿದೆ. ಕಾಡು ತಮ್ಮದೆಂದು ತೋರಿಸಲು ಸಮುದಾಯ ದೇವರ ಮರವನ್ನು, ದೇವರ ಬನವನ್ನು, ಹಳ್ಳಕೊಳ್ಳವನ್ನು, ಹಿರಿಯರನ್ನು ಹೂತ ಜಾಗವನ್ನು ಸಾಕ್ಷ್ಯವಾಗಿ ಕೊಡಬಹುದು. ಹಕ್ಕು ಕೇಳುವವರಿಗೆ ಹೊರತಾದ ಹಾಡಿಯ ಮುದುಕರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಯಾವ ಮರದಲ್ಲಿ ಯಾರಿದ್ದಾರೆ, ಯಾವ ಹಳ್ಳಕ್ಕೆ ಯಾರ ಹೆಸರು ಎಂದು ಬಲ್ಲವರು ಕೂಟದಲ್ಲಿ ಮೈದುಂಬುವವರು, ಅವರ ಜೊತೆ ವಾದಕ್ಕೆ ಕೂರುವವರು. ಅವರಿಗೆಲ್ಲ ವಯಸ್ಸಾಗಿದೆ. ಅವರ ಹೇಳಿಕೆಯನ್ನು ಜಾಗದ ಮೇಲೆಯೇ ನಿಂತು ಬರೆಸಿಕೊಳ್ಳಲು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಗ್ರಾಮಸಭೆಗಳು ಮೊದಲು ಅವರನ್ನು ಕಾಡಿನ ಗೇಟಿನೊಳಗೆ ಕರೆದುಕೊಂಡು ಹೋಗಬೇಕು, ಅದಕ್ಕೆ ಬೇಕಾದ ಅನುಮತಿಯನ್ನು ಅರಣ್ಯ ಇಲಾಖೆ ಕೊಡಬೇಕು.